ವಸಂತಕಾಲದಲ್ಲಿ ಮನೆಯ ಹೂದೋಟ

ಮನೆಯ ಒಳಭಾಗವನ್ನು ಗುಡಿಸಿ ಸಾರಿಸಿ ಅಂದವಾಗಿ ಇಟ್ಟುಕೊಳ್ಳುವುದು ಗೃಹಕೃತ್ಯದಲ್ಲಿ ಹೇಗೆ ಸೇರಿರುವುದೋ, ಮನೆಯ ಸುತ್ತಲಿನ ನೆಲವನ್ನು, ಅದು ಎಷ್ಟೇ ಕಿರಿದಾಗಿದ್ದರೂ, ಹಸುರಾಗಿ ಇಟ್ಟುಕೊಳ್ಳುವುದೂ ಹಾಗೆಯೇ ಸೇರಿರುವುದು. ಹೂದೋಟವೆಂದರೆ ಸಿರಿವಂತರ ಬಂಗಲೆಗಳಿಗೆ ಮಾತ್ರ ಸಲ್ಲುವ ಸೊಗಸೆಂದು ಕೆಲವರು ತಿಳಿದಿರುವರು. ಇದು ಸರಿಯಾದ ತಿಳಿವಳಿಕೆಯಲ್ಲ. ಬಾಗಿಲ ಬದಿಯ ಎರಡು ಮೊಳ ನೆಲವೂ ತೋಟವೇ. ಮಹಡಿಯ ಮೇಲಣ ಹತ್ತು ಕುಂಡಗಳೂ ತೋಟವೇ. ಕಿಟಕಿಯ ಬಳಿ ಡಬ್ಬಿಯೊಂದರಲ್ಲಿ ಬೆಳೆದ ಕನಕಾಂಬರದ ಗಿಡವು ತೋಟದ ಆರಂಭವೇ ಸರಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಶಾಲೆಗೆ ಬಂದಾಗಲೆಲ್ಲ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: "ಟೀಚರ್, ಕ್ರಿಸ್ಮಸ್ಸಿನಲ್ಲಿ ಅಷ್ಟು ಚೆನ್ನಾಗಿದ್ದ ನಮ್ಮ ತೋಟವು ಯುಗಾದಿಯ ಹೊತ್ತಿಗೆ ಏಕೆ ಬಾಡಿಹೋಗುತ್ತದೆ? ದಿನವೂ ನೀರು ಹಾಕುತ್ತಲೇ ಇದ್ದೇವಲ್ಲ!" ಒಬ್ಬೊಬ್ಬರಿಗೆ ಬಾಯಿಮಾತಿನಲ್ಲಿ ಹೇಳುವ ಉತ್ತರವನ್ನು ಎಲ್ಲರ ಉಪಯೋಗಕ್ಕಾಗಿ ಈ ಸ್ಮರಣ ಸಂಚಿಕೆಯಲ್ಲಿ ಪಾಠದ ರೂಪದಲ್ಲಿ ಬರೆಯಲು ಉದ್ದೇಶಿಸಿದ್ದೇವೆ. ಇಲ್ಲಿ ಹೇಳುವುದೆಲ್ಲವೂ ಬೆಂಗಳೂರು, ಕೋಲಾರ, ತುಮಕೂರು, ಮೈಸೂರು ಮುಂತಾದ ಮೈದಾನದ ಊರುಗಳಿಗೆ ಮುಖ್ಯವಾಗಿ ಅನ್ವಯಿಸುವುದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಸಂಸಾರ ಹೂಡಿರುವವರು ತಮ್ಮ ನೆಲಕ್ಕೂ ಗಾಳಿಗೂ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳತಕ್ಕದ್ದು.

ನಮ್ಮ ವಸಂತದ ಸ್ವಭಾವ

ಚೈತ್ರ ವೈಶಾಖಗಳು ವಸಂತ ಋತುವೆಂಬುದನ್ನು ಚಿಕ್ಕ ಮಕ್ಕಳೂ ಬಲ್ಲರು. ಆದರೆ ಇಂಗ್ಲೆಂಡಿನ ವಸಂತವೂ ನಮ್ಮ ವಸಂತವೂ ಹೆಸರಿನಲ್ಲಿ ಒಂದಾದರೂ ಗುಣದಲ್ಲಿ ಒಂದಲ್ಲ. ಆ ದೇಶದ ವಸಂತದಲ್ಲಿ ಹಿಮವು ಕರಗಿ, ನೆಲವು ಬೆಚ್ಚಗಾಗಿ, ಬಿತ್ತಿದ ಬೀಜವು ಮೊಳೆಯುವುದು. ಆದುದರಿಂದ ಇಂಗ್ಲಿಷಿನಲ್ಲಿ ಬರೆದ ತೋಟಗಾರಿಕೆಯ ಪುಸ್ತಕಗಳು ಮಾರ್ಚಿ ಏಪ್ರಿಲ್ ತಿಂಗಳುಗಳನ್ನು ಬಿತ್ತನೆಯ ಕಾಲವೆಂದು ಹೇಳುವುವು. ಆ ಮಾತನ್ನು ಇಲ್ಲಿ ಅಕ್ಷರಶಃ ನಡೆಯಿಸಿದರೆ ಬೀಜವೂ ಹೋಗುವುದು, ಶ್ರಮವೂ ಹೋಗುವುದು. ನಮ್ಮಲ್ಲಿ ಹಿಂಗಾರು ಮಳೆಯು ನವೆಂಬರಿನಲ್ಲಿ ಹಿಂದೆಗೆದ ಬಳಿಕ ನೆಲದ ತೇವವು ದಿನೇ ದಿನೇ ಇಳಿಯುತ್ತ ಬರುವುದು. ಮಾರ್ಚಿ ಬರುವಷ್ಟರಲ್ಲಿ ಆಕಾಶವು ನಿರ್ಮಲವಾಗಿಯೂ ಗಾಳಿಯು ಒಣಗಿಯೂ ಇರುವುದು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ ತಿಂಗಳಲ್ಲಿ ಬಿಸಿಲು 39.2 ಡಿಗ್ರಿ ಸೆಲ್ಸಿಯಸ್‌ನ ತನಕ ಏರಿತು.

1760ರಲ್ಲಿ ಹೈದರ್ ಅಲಿಯು ಆರಂಭಿಸಿದ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳನ್ನು ನಮ್ಮ ಓದುಗರು ನೋಡಿರಬಹುದು. ಅವು ಜನವರಿಯಲ್ಲಿ ಗಣರಾಜ್ಯೋತ್ಸವದ ಕಾಲಕ್ಕೂ ಆಗಸ್ಟಿನಲ್ಲಿ ಸ್ವಾತಂತ್ರ್ಯೋತ್ಸವದ ಕಾಲಕ್ಕೂ ನಡೆಯುವುವು. ಆ ದಿನಗಳನ್ನು ನಿರ್ಣಯಿಸಿದುದು ರಾಷ್ಟ್ರೀಯ ಹಬ್ಬಗಳೇ ಆದರೂ ಅವು ಗಿಡಗಳಿಗೂ ಅನುಕೂಲವಾದ ದಿನಗಳೇ ಆಗಿವೆ. ಒಂದೇ ಋತುವಿನಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಆಸ್ಟರ್, ಫ್ಲಾಕ್ಸ್, ಲಾರ್ಕ್‌ಸ್ಪರ್ ಮೊದಲಾದ ಗಿಡಗಳು ಇಲ್ಲಿನ ತಂಪುಕಾಲದ ಮಕ್ಕಳು. ಮಾರ್ಚಿಯಲ್ಲಿ ಅವು ಬಾಡುವುದು ರೋಗವಲ್ಲ, ಆಯುಷ್ಯದ ಮುಕ್ತಾಯ. ಬಿಂದಿಗೆಗಟ್ಟಲೆ ನೀರು ಸುರಿದು ಅವುಗಳನ್ನು ಉಳಿಸಿಕೊಳ್ಳಲು ಹೆಣಗಬಾರದು.

ಹಾಗಾದರೆ ವಸಂತದಲ್ಲಿ ಹೂ ಬಿಡುವುವು ಯಾವುವು? ಕತ್ತೆತ್ತಿ ನೋಡಿರಿ. ಹೊಂಗೆಯು ಹೂ ಸುರಿಸುವುದು. ಕಾಡಿನ ಅಂಚಿನಲ್ಲಿ ಮುತ್ತುಗವು ಒಂದೆಲೆಯೂ ಇಲ್ಲದೆ ಕೆಂಡದಂತೆ ಹೊಳೆಯುವುದು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರವು ಹೂ ಮುಗಿಸಿದ ಮೇಲೆ ಮತ್ತೊಂದು ಜಾತಿಯದು ಹೂ ಬಿಡುವಂತೆ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿಯು ಜರ್ಮನಿಯಿಂದ ಬಂದು 1908ರಿಂದ 1932ರ ವರೆಗೆ ಇಲ್ಲಿನ ಸರಕಾರಿ ತೋಟಗಳನ್ನು ನೋಡಿಕೊಂಡ ಕ್ರುಂಬಿಗಲ್ ಎಂಬವರಿಗೆ ಸಲ್ಲುವುದು. ಮೇಲ್ಮಣ್ಣು ಒಣಗಿದ್ದರೂ ಈ ಮರಗಳ ಬೇರು ಆಳದ ತೇವವನ್ನು ಮುಟ್ಟಿರುವುದು. ಅನೇಕ ಮರಗಳು ಎಲೆಗಳನ್ನು ಉದುರಿಸಿ ತಮ್ಮ ನೀರಿನ ವೆಚ್ಚವನ್ನು ತಗ್ಗಿಸಿಕೊಂಡಿರುವುವು. ಬೇರನ್ನು ಆಳಕ್ಕೆ ಇಳಿಸಬೇಕು, ವೆಚ್ಚವನ್ನು ಇಳಿಸಬೇಕು: ಈ ಎರಡು ವಿವೇಕಗಳೇ ವಸಂತದ ಹೂದೋಟದ ಶಾಸ್ತ್ರವೆಲ್ಲ. ಹೊಸದನ್ನು ನೆಡುವುದಕ್ಕಿಂತ ಇರುವುದನ್ನು ಕಾಯುವುದೇ ಈ ಕಾಲದ ಮುಖ್ಯ ಕರ್ತವ್ಯ.

ನೀರಿನ ಲೆಕ್ಕ

2024ರ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನಲ್ಲಿ ನೀರಿಗೆ ಬಹಳ ಕಷ್ಟ ಬಂದಿತು. ಹಿಂದಿನ ವರ್ಷದ ಮಳೆಯು ಕೈಕೊಟ್ಟು, ಅನೇಕ ಕೊಳವೆಬಾವಿಗಳು ಬತ್ತಿಹೋದವು. ಕುಡಿಯುವ ನೀರನ್ನು ತೋಟಕ್ಕೆ ಹಾಕುವುದನ್ನೂ ವಾಹನ ತೊಳೆಯುವುದಕ್ಕೆ ಬಳಸುವುದನ್ನೂ ನಿಷೇಧಿಸಿ, ಮೀರಿದವರಿಗೆ 5000 ರೂಪಾಯಿ ದಂಡವೆಂದು ಸಾರಲಾಯಿತು. ಆ ದಿನಗಳಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಟೀಚರ್, ನಮ್ಮ ಬೀದಿಯಲ್ಲಿ ಜನರು ಬಿಂದಿಗೆ ಹಿಡಿದುಕೊಂಡು ಟ್ಯಾಂಕರಿಗಾಗಿ ಕಾಯುತ್ತಿರುವಾಗ ನಾವು ಇಲ್ಲಿ ಹೂವಿಗೆ ನೀರು ಹಾಕುವುದು ಪಾಪವಲ್ಲವೆ?" ಎಂದು ಕೇಳಿದಳು. ತರಗತಿಯೆಲ್ಲವೂ ಮೌನವಾಯಿತು.

ಇದು ತಳ್ಳಿಹಾಕತಕ್ಕ ಪ್ರಶ್ನೆಯಾಗಿರಲಿಲ್ಲ. ಮನುಷ್ಯನ ಬಾಯಿಗೆ ಸಲ್ಲಬೇಕಾದ ನೀರನ್ನು ಅಂದಕ್ಕಾಗಿ ನೆಲಕ್ಕೆ ಸುರಿಯುವುದು ಸರಿಯಲ್ಲವೆಂದೇ ನಾವು ಹೇಳಿದೆವು. ಆದರೆ ಒಮ್ಮೆ ಬಳಸಿದ ನೀರು ಚರಂಡಿಗೆ ಹೋಗುವ ಬದಲು ಬೇರಿಗೆ ಹೋದರೆ ಅದರಿಂದ ಯಾರಿಗೆ ನಷ್ಟ? ಅಂದಿನಿಂದ ಒಂದು ವಾರದ ತನಕ ಹುಡುಗಿಯರು ಅಕ್ಕಿಬೇಳೆ ತೊಳೆದ ನೀರನ್ನೂ ತರಕಾರಿ ತೊಳೆದ ನೀರನ್ನೂ ಊಟದ ವೇಳೆ ಕೈ ತೊಳೆದ ನೀರನ್ನೂ ಬಕೀಟುಗಳಲ್ಲಿ ಹಿಡಿದು, ಬಕೀಟಿಗೊಂದು ಗೀಟಿನಂತೆ ಗೋಡೆಯ ಕಾಗದದಲ್ಲಿ ಗುರುತಿಸಿದರು. ವಾರದ ಕೊನೆಯಲ್ಲಿ ಆ ಗೀಟುಗಳನ್ನು ಎಣಿಸಿ, ಅಷ್ಟು ನೀರಿಗೆ ಎಷ್ಟು ಗಿಡಗಳು ಬದುಕುವುವೋ ಅಷ್ಟನ್ನು ಮಾತ್ರ ಆರಿಸಿಕೊಂಡೆವು. ಹುಲ್ಲುಹಾಸನ್ನು ಒಣಗಲು ಬಿಟ್ಟೆವು. ಆ ಬೇಸಗೆಯಲ್ಲಿ ನಮ್ಮ ಅಂಗಳವು ಕಂದುಬಣ್ಣಕ್ಕೆ ತಿರುಗಿದುದು ನಿಜ. ಮಳೆ ಬಿದ್ದ ಮೇಲೆ ಗರಿಕೆಯು ತಾನಾಗಿಯೇ ಚಿಗುರಿದುದೂ ನಿಜ. ಆರಿಸಿಕೊಂಡ ಮಲ್ಲಿಗೆಗಳೆಲ್ಲವೂ ಉಳಿದುವು. ಪ್ರಶ್ನೆ ಕೇಳಿದ ಹುಡುಗಿಯೇ ಆ ಬಕೀಟುಗಳ ಮೇಲ್ವಿಚಾರಕಳಾಗಿದ್ದಳು.

ತೋಟದ ಅಳತೆಯನ್ನು ನೆಲದಿಂದಲ್ಲ, ನೀರಿನಿಂದ ನಿರ್ಣಯಿಸಬೇಕೆಂಬುದು ಈ ಪಾಠದ ತಿರುಳು. ಇದನ್ನು ಅಂಕಿಗಳಲ್ಲಿ ನೋಡೋಣ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಲ್ಲಬೇಕಾದರೆ ಒಂದು ಲೀಟರು ಬೇಕು. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಹುಲ್ಲುಹಾಸಿಗೆ ವಾರಕ್ಕೆ ಒಂದೇ ಅಂಗುಲ ನೀರು ಕೊಟ್ಟರೂ ಸುಮಾರು 235 ಲೀಟರು ಆಗುವುದು. ಅದೇ ಮನೆಯಲ್ಲಿ ಹನ್ನೆರಡು ಮಲ್ಲಿಗೆ ಗಿಡಗಳಿಗೆ ಸಲಕ್ಕೆ ನಾಲ್ಕು ಲೀಟರಿನಂತೆ ವಾರಕ್ಕೆ ಎರಡು ಸಲ ಕೊಟ್ಟರೆ 96 ಲೀಟರು ಮಾತ್ರ. ಅರ್ಧಕ್ಕಿಂತಲೂ ಕಡಿಮೆ ನೀರಿನಲ್ಲಿ ಹೂವೂ ಉಂಟು, ಪರಿಮಳವೂ ಉಂಟು. ಆದಕಾರಣ ಕಿರಿಯ ಮನೆಗಳವರು ವಸಂತದಲ್ಲಿ ಹುಲ್ಲುಹಾಸಿನ ಆಸೆಯನ್ನು ಬಿಡುವುದೇ ಲೇಸು.

ಬಳಸಿದ ನೀರೆಲ್ಲವೂ ಗಿಡಕ್ಕೆ ಒಂದೇ ಸಮನಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎಲ್ಲ ಗಿಡಗಳಿಗೂ ಒಳ್ಳೆಯದು. ಆದರೆ ಅಂದಿನದನ್ನು ಅಂದೇ ಹಾಕತಕ್ಕದ್ದು, ಹಳಸಲು ಬಿಡಕೂಡದು. ಉಪ್ಪು ಹಾಕಿ ಬೇಯಿಸಿದ ನೀರನ್ನೂ ಎಣ್ಣೆಜಿಡ್ಡಿನ ನೀರನ್ನೂ ಹಾಕಲೇಬಾರದು. ಸ್ನಾನದ ನೀರನ್ನು ಬಾಳೆ, ದಾಸವಾಳ ಮುಂತಾದ ಗಟ್ಟಿಮುಟ್ಟಾದ ಗಿಡಗಳಿಗೆ ಸರದಿಯ ಮೇಲೆ ಹಾಯಿಸಬಹುದು. ಬಟ್ಟೆ ಒಗೆಯುವ ಪುಡಿ, ಬಿಳುಪಿನ ಪುಡಿ, ನೆಲ ಒರೆಸುವ ಔಷಧಿ ಸೇರಿದ ನೀರು ವರ್ಜ್ಯ. ಈಗ ಅನೇಕ ಮನೆಗಳಲ್ಲಿ ಇರುವ ಆರ್‌ಓ ನೀರಿನ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣಗಳು ಒತ್ತೊತ್ತಾಗಿ ಸೇರಿರುವುದರಿಂದ ಅದನ್ನು ನೆಲ ತೊಳೆಯಲು ಬಳಸುವುದು ಉತ್ತಮ; ಒಂದೇ ಗಿಡಕ್ಕೆ ನಿತ್ಯವೂ ಹಾಕಿದರೆ ಎಲೆಯ ಅಂಚು ಸುಟ್ಟಂತಾಗುವುದು.

ನೀರು ಹಾಕುವ ಕ್ರಮ

ದಿನವೂ ಸಂಜೆ ಮೇಲೆ ಮೇಲೆ ಚಿಮುಕಿಸುವುದು ಅನೇಕ ಮನೆಗಳ ವಾಡಿಕೆ. ಅದರಿಂದ ಮೇಲ್ಮಣ್ಣು ಮಾತ್ರ ನೆನೆದು, ಬೇರುಗಳು ನೀರನ್ನು ಹುಡುಕಿಕೊಂಡು ಮೇಲಕ್ಕೇ ಬರುವುವು; ಒಂದು ದಿನ ತಪ್ಪಿದರೂ ಬಿಸಿಲಿಗೆ ಬೆಂದುಹೋಗುವುವು. ನೆಲದಲ್ಲಿ ನೆಟ್ಟ ಗಿಡಗಳಿಗೆ ವಾರಕ್ಕೆ ಎರಡು ಸಲ, ಪಾತಿ ತುಂಬುವಂತೆ, ನಿಧಾನವಾಗಿ ನೀರು ಕೊಟ್ಟರೆ ಬೇರು ಆಳಕ್ಕೆ ಇಳಿಯುವುದು. ಪಾತಿಯನ್ನು ಕಾಂಡಕ್ಕೆ ಒತ್ತಿ ಮಾಡದೆ, ಕೊಂಬೆಗಳ ತುದಿಯ ಕೆಳಗೆ ಬರುವಂತೆ ಅಗಲವಾಗಿ ಮಾಡಬೇಕು. ನೀರನ್ನು ಹೀರುವ ಎಳೆಬೇರುಗಳು ಅಲ್ಲಿರುವುವು. ಕುಂಡಗಳ ಮಾತು ಬೇರೆ. ಅವುಗಳಲ್ಲಿ ಮಣ್ಣು ಸ್ವಲ್ಪ, ಬಿಸಿ ಹೆಚ್ಚು. ಏಪ್ರಿಲಿನಲ್ಲಿ ಅನೇಕ ಕುಂಡಗಳಿಗೆ ದಿನವೂ ನೀರು ಬೇಕಾಗುವುದು. ಕುಂಡಗಳನ್ನು ಒಂದಕ್ಕೊಂದು ಒತ್ತಾಗಿ, ಮಧ್ಯಾಹ್ನದ ಮೇಲೆ ನೆರಳು ಬೀಳುವ ಮೂಡಣ ಗೋಡೆಯ ಬದಿಗೆ ಜೋಡಿಸಿದರೆ ನೀರಿನ ಖರ್ಚು ಕಡಿಮೆಯಾಗುವುದು.

ಗಿಡಕ್ಕೆ ಬಾಯಾರಿಕೆಯಾಗಿದೆಯೇ ಎಂಬುದನ್ನು ತಿಳಿಯಲು ಎರಡು ಪರೀಕ್ಷೆಗಳುಂಟು. ಮೊದಲನೆಯದು ಬೆರಳಿನ ಪರೀಕ್ಷೆ. ತೋರುಬೆರಳನ್ನು ಎರಡನೆಯ ಗೆಣ್ಣಿನ ತನಕ ಮಣ್ಣಿನಲ್ಲಿ ಇಳಿಸಿ ನೋಡಿರಿ. ತೇವ ತಗಲಿದರೆ ನೀರು ಬೇಡ. ಎರಡನೆಯದು ಹೊತ್ತಿನ ಪರೀಕ್ಷೆ. ನಡುಮಧ್ಯಾಹ್ನದಲ್ಲಿ ಎಲೆಗಳು ಜೋತುಬಿದ್ದು ಸಂಜೆಗೆ ಮತ್ತೆ ನೆಟ್ಟಗಾದರೆ ಗಾಬರಿಪಡಬೇಕಾದುದಿಲ್ಲ. ಎಲೆಗಳಿಂದ ಹೋಗುವ ನೀರಿನ ವೇಗಕ್ಕೆ ಬೇರುಗಳು ಸಮನಾಗಲಾರದೆ ಗಿಡವು ಸ್ವಲ್ಪ ಹೊತ್ತು ದಣಿದಿರುವುದಷ್ಟೇ. ಬೆಳಗಿನ ತಂಪಿನಲ್ಲಿಯೂ ಎಲೆಗಳು ಜೋತುಬಿದ್ದಿದ್ದರೆ ಮಣ್ಣನ್ನು ನೋಡಬೇಕು. ಮಣ್ಣು ಒಣಗಿದ್ದರೆ ಅದು ನಿಜವಾದ ಬಾಯಾರಿಕೆ. ಮಣ್ಣು ಒದ್ದೆಯಾಗಿದ್ದರೆ ಬೇರು ಕೊಳೆಯುತ್ತಿದೆಯೆಂದು ಅರ್ಥ. ಬೇರು ಕೊಳೆಯುವ ಗಿಡಕ್ಕೆ ಬಾಡಿದೆಯೆಂದು ಇನ್ನಷ್ಟು ನೀರು ಹಾಕುವುದು ರೋಗಿಗೆ ಅಪಥ್ಯವನ್ನು ಉಣಿಸಿದಂತೆ.

ನೀರು ಹಾಕಲು ಬೆಳಗಿನ ಜಾವವೇ ಉತ್ತಮ, ಸಂಜೆಯು ಮಧ್ಯಮ. ಹಾಕಿದ ನೀರು ನೆಲದಲ್ಲಿಯೇ ನಿಲ್ಲಬೇಕಾದರೆ ನೆಲಕ್ಕೆ ಹೊದಿಕೆ ಬೇಕು. ಈ ಕಾಲದಲ್ಲಿ ಮರಗಳು ಉದುರಿಸುವ ಎಲೆಗಳನ್ನು ಗುಡಿಸಿ ಬೆಂಕಿಯಿಡುವುದು ಎಂತಹ ಅವಿವೇಕ! ಅದೇ ತರಗೆಲೆಯನ್ನು ಪಾತಿಯ ಮೇಲೆ ಎರಡು ಮೂರು ಅಂಗುಲ ದಪ್ಪವಾಗಿ ಹರಡಿದರೆ ಬಿಸಿಲು ಮಣ್ಣಿಗೆ ತಟ್ಟುವುದಿಲ್ಲ, ತೇವ ಆರುವುದಿಲ್ಲ, ಮಳೆಗಾಲಕ್ಕೆ ಅದೇ ಗೊಬ್ಬರವೂ ಆಗುವುದು. ಹೊದಿಕೆಯು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟಿರಬೇಕು. ಗೆದ್ದಲು ಕಂಡರೆ ಕೂಡಲೇ ತೆಗೆದು ಹರಡಿ ಒಣಗಿಸಬೇಕು. ಕುಂಡಗಳ ಮೇಲೆ ತೆಂಗಿನ ನಾರನ್ನು ಹಾಸಬಹುದು.

ಎರಡು ಮೂರು ದಿನ ಊರಿಗೆ ಹೋಗಬೇಕಾದವರಿಗೆ ಮಣ್ಣಿನ ಗಡಿಗೆಯು ಒಳ್ಳೆಯ ಸಹಾಯಕ. ಬಣ್ಣವನ್ನಾಗಲಿ ಸಿಮೆಂಟನ್ನಾಗಲಿ ಬಳಿಯದ ಚಿಕ್ಕ ಗಡಿಗೆಯನ್ನು ಗಿಡಗಳ ನಡುವೆ ಕಂಠದ ತನಕ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿಡಿರಿ. ಸುತ್ತಲಿನ ಮಣ್ಣು ಒಣಗಿದಾಗ ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ನೀರು ಒಸರುವುದು. ಮಣ್ಣು ನೆನೆದಾಗ ಒಸರುವುದು ಕಡಿಮೆಯಾಗುವುದು. ಚೀನಾ ದೇಶದ ಕೃಷಿಗ್ರಂಥವೊಂದು ಎರಡು ಸಾವಿರ ವರ್ಷಗಳ ಹಿಂದೆಯೇ ಈ ಉಪಾಯವನ್ನು ವಿವರಿಸಿದೆ.

ಇಲ್ಲಿ ಒಂದು ಎಚ್ಚರಿಕೆ. ಕುಂಡಗಳ ಕೆಳಗಿನ ತಟ್ಟೆಗಳಲ್ಲಿಯೂ ನೀರು ಹಿಡಿದಿಟ್ಟ ಬಕೀಟುಗಳಲ್ಲಿಯೂ ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ಮೊಟ್ಟೆಯಿಡುವುದು. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆಯಾದರೂ ತಟ್ಟೆಗಳನ್ನು ಬರಿದು ಮಾಡಿ, ಉಜ್ಜಿ ತೊಳೆದು, ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಬಕೀಟುಗಳಿಗೆ ಮುಚ್ಚಳವಿರಲಿ.

ಮುಖ್ಯವಾದ ಕೆಲವು ಗಿಡಗಳು

ಮಲ್ಲಿಗೆ: ವಸಂತದ ರಾಣಿಯು ಮಲ್ಲಿಗೆಯೇ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಎಂಬ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತಿರುವುದು ನಮ್ಮ ನಾಡಿನ ಹೆಮ್ಮೆ. ಗುಂಡು ಮಲ್ಲಿಗೆಯು ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬಿಡುವುದು. ಆದುದರಿಂದ ಡಿಸೆಂಬರಿನಲ್ಲಿ ಗಿಡವನ್ನು ಸವರಿ, ಕೆಲವು ದಿನ ನೀರು ತಡೆದು, ಬಳಿಕ ಕೊಟ್ಟಿಗೆ ಗೊಬ್ಬರವನ್ನೂ ನೀರನ್ನೂ ಕೊಟ್ಟವರಿಗೆ ಮಾರ್ಚಿಯಿಂದ ಹೂವು ಸಮೃದ್ಧಿಯಾಗಿ ದೊರೆಯುವುದು. ಡಿಸೆಂಬರಿನಲ್ಲಿ ಸವರದವರು ಈಗ ಬುಡದ ವರೆಗೆ ಕತ್ತರಿಸಬಾರದು. ಒಂದು ಸರದಿಯ ಹೂವು ಮುಗಿದ ಮೇಲೆ ಕೊಂಬೆಗಳ ತುದಿಗಳನ್ನು ಮಾತ್ರ ಚಿವುಟಿದರೆ ಮುಂದಿನ ಸರದಿಗೆ ಚಿಗುರು ಬರುವುದು. ಮಲ್ಲಿಗೆಗೆ ಬಿಸಿಲು ಬೇಕೇ ಬೇಕು. ನೆರಳಿನಲ್ಲಿ ಎಲೆ ಬಲಿಯುವುದೇ ಹೊರತು ಹೂವು ಬಾರದು.

ಕನಕಾಂಬರ: ಅರೆನೆರಳಿನಲ್ಲಿಯೂ ಬಾಳುವ ಈ ಗಿಡವು ಮಹಡಿಯ ಮನೆಯವರಿಗೆ ಅನುಕೂಲ. ಒಣಗಿದ ತೆನೆಯನ್ನು ನೀರಿಗೆ ಹಾಕಿದರೆ ಕಾಯಿಗಳು ಚಟಚಟನೆ ಸಿಡಿದು ಬೀಜವನ್ನು ಎಸೆಯುವುವು; ಮಕ್ಕಳಿಗೆ ಇದೊಂದು ದೊಡ್ಡ ವಿನೋದ. ಮೊದಲ ಮಳೆಯು ತಗಲಿದಾಗಲೇ ಬೀಜವು ನೆಲಕ್ಕೆ ಬೀಳಲೆಂದು ಸೃಷ್ಟಿಯಲ್ಲಿರುವ ಏರ್ಪಾಡು ಇದು. ಡೆಲ್ಲಿ ಕನಕಾಂಬರವೆಂಬ ಜಾತಿಯು ಬೀಜ ಕಟ್ಟುವುದಿಲ್ಲ. ಅದನ್ನು ಕಡ್ಡಿ ನೆಟ್ಟು ಬೆಳೆಯಿಸಬೇಕು, ಅದಕ್ಕೆ ಮಳೆಗಾಲವೇ ತಕ್ಕ ಕಾಲ.

ಗುಲಾಬಿ: ಇದನ್ನು ಸವರುವ ಕಾಲವು ಮಳೆ ನಿಂತ ಬಳಿಕ, ಅಕ್ಟೋಬರಿನಲ್ಲಿ. ವಸಂತದಲ್ಲಿ ಬಾಡಿದ ಹೂಗಳನ್ನು ಒಂದೆರಡು ಎಲೆಗಳ ಸಹಿತವಾಗಿ ಕತ್ತರಿಸಿದರೆ ಸಾಕು. ಹೂವು ಚಿಕ್ಕದಾದುದಕ್ಕೆ ವ್ಯಸನಪಡಬೇಡಿರಿ. ಬಿಸಿಲಿನಲ್ಲಿ ಅದು ಸಹಜ.

ಕಾಗದದ ಹೂ ಮತ್ತು ನಿತ್ಯಪುಷ್ಪ: ನೀರು ಕಡಿಮೆಯಿರುವ ಮನೆಗೆ ಇವು ಅಮೂಲ್ಯವಾದುವು. ಕಾಗದದ ಹೂವಿನ ಬಳ್ಳಿಯು ಬೇರೂರಿದ ಮೇಲೆ ನೀರನ್ನು ಕಡಿಮೆ ಮಾಡಿದಷ್ಟೂ ಬಣ್ಣ ತುಂಬಿಕೊಳ್ಳುವುದು. ನಿತ್ಯಪುಷ್ಪವು ಕಲ್ಲುಸಂದಿಯಲ್ಲಿಯೂ ಬೆಳೆಯುವುದು. ರಕ್ತದ ಅರ್ಬುದ ರೋಗಕ್ಕೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧವು ಈ ಸಾಮಾನ್ಯವಾದ ಗಿಡದಿಂದಲೇ ದೊರೆತುದೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಬೇಕು. ಆದರೆ ಇದನ್ನೂ ಕಣಗಿಲೆಯನ್ನೂ ಬಾಯಿಗೆ ಹಾಕುವುದು ಅಪಾಯಕರ. ಚಿಕ್ಕ ಮಕ್ಕಳಿರುವ ಮನೆಯವರು ಎಚ್ಚರಿಕೆಯಿಂದಿರತಕ್ಕದ್ದು.

ಸುಗಂಧರಾಜ: ಈ ಕಾಲದಲ್ಲಿ ಹೊಸದಾಗಿ ನೆಡಬೇಕೆಂಬ ಆಸೆಯುಳ್ಳವರಿಗೆ ಸುಗಂಧರಾಜದ ಗೆಡ್ಡೆಯನ್ನು ಸೂಚಿಸುವೆವು. ಹೆಬ್ಬೆರಳಿಗಿಂತ ದಪ್ಪವಾದ ಗೆಡ್ಡೆಗಳನ್ನು ಆರಿಸಿ, ಎರಡು ಅಂಗುಲ ಆಳದಲ್ಲಿ ನೆಡಬೇಕು. ಮೂರು ನಾಲ್ಕು ತಿಂಗಳಲ್ಲಿ, ಮಳೆಗಾಲದ ಸಂಜೆಗಳಲ್ಲಿ, ಅದರ ಕಂಪು ಮನೆಯನ್ನು ತುಂಬುವುದು. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ಬೆಳೆಯಿಸಿದ ಪ್ರಜ್ವಲ್, ಶೃಂಗಾರ್ ಎಂಬ ತಳಿಗಳು ಹೆಸರುವಾಸಿಯಾಗಿವೆ.

ಸೇವಂತಿಗೆ: ಹೂ ಮುಗಿದ ಸೇವಂತಿಗೆಯನ್ನು ಸತ್ತಿತೆಂದು ಕಿತ್ತೆಸೆಯುವವರುಂಟು. ಹಳೆಯ ಕಾಂಡವನ್ನು ಕತ್ತರಿಸಿ ಬುಡವನ್ನು ನೋಡಿರಿ: ಮರಿಗಳು ತಲೆಯೆತ್ತಿರುವುವು. ಅವುಗಳನ್ನು ವಸಂತವೆಲ್ಲವೂ ಅರೆನೆರಳಿನಲ್ಲಿ ಕಾಪಾಡಿ, ಮುಂಗಾರು ಹಿಡಿದಾಗ ಬಿಡಿಸಿ ನೆಡತಕ್ಕದ್ದು. ರಾತ್ರಿಗಳು ದೀರ್ಘವಾಗುತ್ತ ಬಂದಾಗ ಮಾತ್ರ ಮೊಗ್ಗು ಕಟ್ಟುವುದು ಇದರ ಸ್ವಭಾವವಾದುದರಿಂದ ಈಗ ಎಷ್ಟು ಉಪಚರಿಸಿದರೂ ಹೂವು ಬಾರದು. ಕಾಯುವುದನ್ನು ಕಲಿಸುವ ಗಿಡವಿದು.

ಕೀಟಗಳ ವಿಷಯ

ಒಣಹವೆಯಲ್ಲಿ ಗುಲಾಬಿ ಮಲ್ಲಿಗೆಗಳ ಎಲೆಗಳ ಅಡಿಯಲ್ಲಿ ಕಣ್ಣಿಗೆ ಕಂಡೂ ಕಾಣದಂತಹ ಕೆಂಪು ನುಸಿಗಳು ಹೆಚ್ಚುವುವು. ಎಲೆಯ ಮೇಲೆ ಸೂಜಿ ಚುಚ್ಚಿದಂತೆ ಬಿಳಿಯ ಚುಕ್ಕೆಗಳು ಏಳುವುವು. ಎಲೆಯ ಅಡಿಭಾಗವನ್ನು ಬೆಳಗಿನಲ್ಲಿ ನೀರಿನಿಂದ ತೊಳೆಯುವುದೇ ಮೊದಲನೆಯ ಚಿಕಿತ್ಸೆ. ದಾಸವಾಳಕ್ಕೆ ಹತ್ತಿಯಂತೆ ಬೆಳ್ಳಗೆ ಅಂಟುವ ಹಿಟ್ಟುತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು, ಒಂದು ಲೀಟರು ನೀರಿಗೆ ಐದು ಮಿಲಿಲೀಟರು ಬೇವಿನೆಣ್ಣೆಯನ್ನೂ ಸ್ವಲ್ಪ ಮೆತ್ತನೆಯ ಸಾಬೂನನ್ನೂ ಬೆರೆಸಿ ಸಂಜೆಯಲ್ಲಿ ಸಿಂಪಡಿಸಬೇಕು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುವುದು. ಗಿಡದ ಮೇಲೆ ಇರುವೆಗಳು ಸಾಲುಗಟ್ಟಿ ಹತ್ತುತ್ತಿದ್ದರೆ ತಿಗಣೆಯು ಅಲ್ಲಿರಬಹುದೆಂದು ಊಹಿಸಿರಿ. ಅದು ಸ್ರವಿಸುವ ಸಿಹಿರಸಕ್ಕಾಗಿ ಇರುವೆಯು ಅದನ್ನು ಕಾಯುವುದು. ಮಲ್ಲಿಗೆಯ ಮೊಗ್ಗುಗಳು ತೂತುಬಿದ್ದು ನೇರಳೆಬಣ್ಣಕ್ಕೆ ತಿರುಗಿದ್ದರೆ ಒಳಗೆ ಹುಳುವಿರುವುದು. ಅಂತಹವನ್ನು ಬಿಡಿಸಿ ನಾಶಮಾಡತಕ್ಕದ್ದು. ಪೇಟೆಯ ಘೋರವಾದ ವಿಷಗಳನ್ನು ಮನೆಯಂಗಳಕ್ಕೆ ತರಬೇಡಿರಿ. ಮುಡಿಯುವ ಹೂವಿಗೂ ಜೇನ್ನೊಣಕ್ಕೂ ಅವು ಸಲ್ಲವು.

ಬೀಜದ ಸಂಗ್ರಹ

ತಂಪುಕಾಲದ ಗಿಡಗಳು ಸಾಯುವ ಮೊದಲು ನಮಗೆ ಬಿಟ್ಟುಹೋಗುವ ಆಸ್ತಿಯೆಂದರೆ ಬೀಜ. ಚೆಂಡುಹೂವು, ಆಸ್ಟರ್, ಕಾಸ್ಮಾಸ್ ಇವುಗಳ ಅತ್ಯುತ್ತಮವಾದ ಗಿಡವನ್ನು ಮೊದಲೇ ಗುರುತಿಸಿ ಅದಕ್ಕೆ ದಾರ ಕಟ್ಟಿಡಬೇಕು. ಅನೇಕರು ಚೆಲುವಾದ ಹೂಗಳನ್ನೆಲ್ಲ ಕೊಯ್ದು ಮುಡಿದು, ಉಳಿದ ಹೀನವಾದ ಹೂಗಳಿಂದ ಬೀಜ ತೆಗೆಯುವರು. ಮರುವರ್ಷ ಹೂವು ಸಣ್ಣದಾಯಿತೆಂದು ಕೊರಗುವರು. ಹೂವು ಗಿಡದಲ್ಲಿಯೇ ಪೂರ್ತಿಯಾಗಿ ಒಣಗಿದ ಮೇಲೆ ಕೊಯ್ದು, ನೆರಳಿನಲ್ಲಿ ಒಂದು ವಾರ ಆರಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರನ್ನೂ ವರ್ಷವನ್ನೂ ಬರೆದು, ಗಾಜಿನ ಸೀಸೆಯಲ್ಲಿ ಮುಚ್ಚಿ ತಂಪಾದ ಸ್ಥಳದಲ್ಲಿಡಿರಿ. ಅಂಗಡಿಯಲ್ಲಿ ಕೊಂಡ ಸಂಕರ ತಳಿಯ ಗಿಡಗಳ ಬೀಜವು ತಾಯಿಯಂತಹ ಹೂವನ್ನೇ ಕೊಡುವುದೆಂಬ ಭರವಸೆಯಿಲ್ಲ; ನಾಡತಳಿಗಳ ಬೀಜವನ್ನೇ ಕೂಡಿಡುವುದು ಒಳ್ಳೆಯದು. ನೆರೆಹೊರೆಯವರೊಡನೆ ಬೀಜದ ಪೊಟ್ಟಣಗಳನ್ನು ಬದಲಾಯಿಸಿಕೊಳ್ಳುವುದರಿಂದ ತೋಟವೂ ಬೆಳೆಯುವುದು, ಸ್ನೇಹವೂ ಬೆಳೆಯುವುದು.

ಮಳೆಗೆ ಸಿದ್ಧತೆ

ಏಪ್ರಿಲ್ ನಡುವಿನಲ್ಲಿ ಅಶ್ವಿನಿ ಮಳೆಯ ನಕ್ಷತ್ರವು ಹುಟ್ಟುವುದು. ಅದರ ಹಿಂದೆ ಭರಣಿ, ಕೃತ್ತಿಕೆ, ರೋಹಿಣಿಗಳು ಬರುವುವು. ಗುಡುಗು ಸಿಡಿಲುಗಳೊಡನೆ ಬರುವ ಈ ಮಳೆಯು ಒಂದು ಗಂಟೆಯಲ್ಲಿ ಸುರಿದು ಹೋಗುವುದು. ಹಿಡಿದಿಟ್ಟುಕೊಂಡವರಿಗೇ ಅದರ ಪ್ರಯೋಜನ. ಒಂದು ಸಾವಿರ ಚದರ ಅಡಿಯ ಮನೆಯ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರು ನೀರು ಬೀಳುವುದು. ಮೇಲೆ ಹೇಳಿದ ಹನ್ನೆರಡು ಮಲ್ಲಿಗೆಗಳಿಗೆ ಅದು ಐದು ತಿಂಗಳಿಗೂ ಮೀರಿದ ನೀರು! ಅದರಲ್ಲಿ ಅರ್ಧವನ್ನು ಪೀಪಾಯಿಯಲ್ಲಿಯೋ ತೊಟ್ಟಿಯಲ್ಲಿಯೋ ಹಿಡಿದಿಟ್ಟರೂ ಎಷ್ಟು ಲಾಭವೆಂಬುದನ್ನು ಯೋಚಿಸಿರಿ. ಮಾರ್ಚಿಯಲ್ಲಿಯೇ ಮಾಳಿಗೆಯನ್ನು ಗುಡಿಸಿ, ನೀರಿಳಿಯುವ ಕೊಳವೆಗಳಲ್ಲಿ ಕಟ್ಟಿಕೊಂಡ ಕಸವನ್ನು ತೆಗೆಯಿಸಿ, ತೊಟ್ಟಿಯ ಬಾಯಿಗೆ ತೆಳುಬಟ್ಟೆ ಕಟ್ಟಿ ಸಿದ್ಧವಾಗಿರಬೇಕು. ಹೊಸ ಗಿಡಗಳನ್ನು ನೆಡಬೇಕಾದ ಗುಂಡಿಗಳನ್ನೂ ಈಗಲೇ ತೋಡಿ ಬಿಸಿಲಿಗೆ ಬಿಡತಕ್ಕದ್ದು. ಮೊದಲ ಮಳೆಯ ಅನಂತರ ಗೊಬ್ಬರ ತುಂಬಿ ನೆಟ್ಟರೆ ಮುಂಗಾರು ನಿಮ್ಮ ಕೆಲಸವನ್ನು ಮುಂದುವರಿಸುವುದು.

ಮಾತಾಪಿತೃಗಳಿಗೆ ವಿಜ್ಞಾಪನೆ

ನಾವು ಬೋರ್ಡಿಂಗ್ ಶಾಲೆಯಲ್ಲಿ ಓದುತ್ತಿದ್ದಾಗ ಪ್ರತಿಯೊಬ್ಬ ಹುಡುಗಿಗೂ ಒಂದೊಂದು ಪಾತಿಯನ್ನು ಹಂಚಿಕೊಡುತ್ತಿದ್ದರು. ಬಾವಿಯಿಂದ ಸೇದಿ ಹೊತ್ತುತಂದ ನೀರಿನ ಭಾರವು ತೋಳಿಗೆ ಗೊತ್ತಿದ್ದುದರಿಂದ ಯಾರೂ ನೀರನ್ನು ಚೆಲ್ಲುತ್ತಿರಲಿಲ್ಲ. ಈಗಿನ ಮಕ್ಕಳಿಗೆ ನಲ್ಲಿಯ ತಿರುಪು ಮಾತ್ರ ಗೊತ್ತು, ನೀರಿನ ಭಾರ ಗೊತ್ತಿಲ್ಲ. ಅದನ್ನು ತಿಳಿಸಿಕೊಡಲು ಹೂದೋಟಕ್ಕಿಂತ ಉತ್ತಮವಾದ ತರಗತಿಯು ಇಲ್ಲವೆಂದು ನಮ್ಮ ಅನುಭವ. ಆದುದರಿಂದ ನಿಮ್ಮ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದೊಂದು ಗಿಡವನ್ನು ಒಪ್ಪಿಸಿರಿ. ಗಿಡವು ಅವರದು, ಅದರ ನೀರಿನ ಚಿಂತೆಯೂ ಅವರದು. ಪರೀಕ್ಷೆಯ ದಿನಗಳೆಂದು ಬಿಡಿಸಬೇಡಿರಿ. ಓದಿ ದಣಿದ ಕಣ್ಣಿಗೆ ಐದು ನಿಮಿಷದ ಹಸುರು ಹಿತವನ್ನೇ ಮಾಡುವುದು. ಒಂದು ವೇಳೆ ಗಿಡವು ಸತ್ತರೆ ಗದರಿಸದೆ, ಅದರ ಬೇರನ್ನು ಕಿತ್ತು ತೋರಿಸಿ, ಒಣಗಿ ಸತ್ತಿತೇ ಕೊಳೆತು ಸತ್ತಿತೇ ಎಂದು ಅವರೇ ಹೇಳುವಂತೆ ಮಾಡಿರಿ. ಅದೂ ವಿದ್ಯೆಯೇ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಪಾಠದ ಕೊನೆಯಲ್ಲಿ ಒಂದು ಅಭ್ಯಾಸವನ್ನು ಕೊಡುವೆವು. ಇದನ್ನು ಓದಿದ ಮರುದಿನದಿಂದ ಏಳು ದಿನ, ನಿಮ್ಮ ಅಡಿಗೆಮನೆಯಿಂದ ಹೊರಹೋಗುವ ಅಕ್ಕಿಬೇಳೆ ತರಕಾರಿಗಳ ನೀರನ್ನು ಒಂದು ಬಕೀಟಿನಲ್ಲಿ ಹಿಡಿದು ಅಳೆಯಿರಿ. ದಿನದ ಲೆಕ್ಕವನ್ನು ಪಂಚಾಂಗದ ಹಾಳೆಯ ಮೇಲೆ ಬರೆಯಿರಿ. ಏಳನೆಯ ದಿನ ಕೂಡಿಸಿ, ಎಂಟರಿಂದ ಭಾಗಿಸಿರಿ. ಬಂದ ಉತ್ತರವೇ ನೆಲದಲ್ಲಿ ನೆಟ್ಟ ಎಷ್ಟು ಮಲ್ಲಿಗೆ ಗಿಡಗಳನ್ನು ನೀವು ನಲ್ಲಿಯನ್ನು ಮುಟ್ಟದೆ ಸಾಕಬಲ್ಲಿರಿ ಎಂಬ ಸಂಖ್ಯೆ. ಅದು ಎರಡೇ ಆದರೂ ಚಿಂತೆಯಿಲ್ಲ. ಎರಡನ್ನೇ ನೆಟ್ಟು ಚೆನ್ನಾಗಿ ಸಾಕಿರಿ. ಮುಂದಿನ ವಸಂತದಲ್ಲಿ ಶಾಲೆಗೆ ಬರುವಾಗ ಆ ಗಿಡದ ಒಂದು ಮೊಳ ಹೂವನ್ನು ಕಟ್ಟಿಕೊಂಡು ಬನ್ನಿರಿ. ಲೆಕ್ಕದ ಹಾಳೆಯನ್ನೂ ಮರೆಯದೆ ತನ್ನಿರಿ. ಎರಡನ್ನೂ ನೋಡಿ ಅಂಕ ಕೊಡಲು ನಾವು ಸಿದ್ಧರಾಗಿರುವೆವು.